ಕೌದಿಯ ಹೊಟ್ಟೆಗೆ ಅರಿವೆಯ ಹೋಳಿಗೆ

ಮೊನ್ನೆ ಸಂಜೆ ನಿಮ್ಮಲ್ಲಿ ದೊಡ್ಡವಳು ಹಳದಿ ಗೋಲದ ಕೌದಿಯನ್ನು ಮೊಣಕಾಲ ಮೇಲೆ ಎಳೆದುಕೊಂಡು ಇಂಗ್ಲಿಷ್ ಪಾಠ ಓದುತ್ತಿದ್ದಳು. ಒಂದು ಕಡೆ ತಡವರಿಸಿ ನಿಂತು, "ಹೊಲಗಳ ಪ್ಯಾಚ್‌ವರ್ಕ್ ಅಂತ ಬರದಾರ. ಪ್ಯಾಚ್‌ವರ್ಕ್ ಅಂದ್ರ ಏನು?" ಎಂದು ಮನೆಗೆಲ್ಲ ಕೇಳುವಂತೆ ಕೇಳಿದಳು. ನಿಮ್ಮಪ್ಪ ಮೊಬೈಲಿನಿಂದ ಕಣ್ಣು ತೆಗೆಯದೆ, "ತ್ಯಾಪಿ ಹಚ್ಚೋದು" ಅಂದರು. ಸಣ್ಣವನು, "ರೋಡಿನ ತಗ್ಗಿಗೆ ಡಾಂಬರ್ ಹಾಕೋದು" ಅಂದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. "ಎರಡೂ ಖರೆ ಅದಾವ, ಇನ್ನೊಂದೂ ಅದ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಎಲ್ಲರೂ ಅಡುಗೆಮನೆಯ ಕಡೆ ತಿರುಗಿ ನೋಡಿದಿರಿ. ಊರಿನ ಶಾಲೆಯಲ್ಲಿ ಏಳನೆಯ ತರಗತಿಗೆ ಓದು ಬಿಟ್ಟ ಅಜ್ಜಿಗೆ ಇಂಗ್ಲಿಷ್ ಮಾತಿನ ಅರ್ಥ ಹೇಗೆ ಗೊತ್ತು ಎಂದು ನಿಮಗೆ ನಗು. "ಹೇಳು ಅಜ್ಜಿ, ಹೇಳು" ಎಂದು ಬಂದು ಸುತ್ತ ಕೂತಿರಿ. ನನಗೆ ಹೇಳಲಾಗಲಿಲ್ಲ. ನಾಲ್ಕು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ನಾಲಗೆ ಒಣಗುತ್ತದೆ, ಅವರು ನನ್ನ ಮೊಮ್ಮಕ್ಕಳೇ ಆಗಿದ್ದರೂ. ಅದಕ್ಕೇ ಬರೆದಿಡುತ್ತಿದ್ದೇನೆ. ನೀವು ಹೊದ್ದುಕೊಳ್ಳುವ ಆ ಕೌದಿಯ ಕಥೆಯೂ ಇದೇ.

ಪ್ಯಾಚ್‌ವರ್ಕ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಬಸ್ಸಿನಲ್ಲಿ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮಾನ್ವಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆ. ತವರು ದೇವದುರ್ಗದ ಕಡೆಯ ಹಳ್ಳಿ. ವರ್ಷಕ್ಕೆ ಒಂದೆರಡು ಸಲ ಹೋಗಿ, ಅಲ್ಲಿನ ಹೆಣ್ಣುಮಕ್ಕಳು ತೆಗೆದಿಟ್ಟ ಹಳೆಯ ಸೀರೆ ಧೋತರ ಗಂಟು ಕಟ್ಟಿಕೊಂಡು ಬರುತ್ತಿದ್ದೆ. ಅವರಿಗೆ ಕೌದಿ ಹೊಲಿದು ಕೊಡುವುದು ನನ್ನ ಬಿಡುವಿನ ಕೆಲಸ. ಒಮ್ಮೆ ದೇವದುರ್ಗ ದಾಟಿದ ಸ್ವಲ್ಪ ಹೊತ್ತಿಗೆ ಬಸ್ಸು ನಿಂತೇ ನಿಂತಿತು.

"ಏನಾತಪಾ?" ಎಂದು ನನ್ನ ಹಿಂದಿನ ಸೀಟಿನ ಮುದುಕಿ ಕೇಳಿದಳು.

"ಮುಂದ ಪ್ಯಾಚ್‌ವರ್ಕ್ ನಡದದ ಯವ್ವಾ, ಕುಂದ್ರು" ಅಂದ ಕಂಡಕ್ಟರ್.

"ಹ್ವಾದ ವರ್ಷನೂ ಇದೇ ತಗ್ಗು ಮುಚ್ಚಿದ್ರಲ್ಲೋ!"

"ಆ ತಗ್ಗು ಬ್ಯಾರೆ ಯವ್ವಾ. ಇದು ಅದರ ತಮ್ಮ."

ಬಸ್ಸೆಲ್ಲ ನಕ್ಕಿತು. ಆಮೇಲೆ ಮಾನ್ವಿಯ ಮನೆಯ ಗೋಡೆ ಬಿರುಕು ಬಿಟ್ಟಾಗ ಗೌಂಡಿಯೂ ಇದೇ ಮಾತು ಆಡಿದ: "ಪೂರಾ ಗಿಲಾವ ಬ್ಯಾಡ್ರಿ, ಪ್ಯಾಚ್‌ವರ್ಕ್ ಮಾಡಿಕೊಡ್ತೀನಿ." ಮಾಡಿದ. ಮಳೆಗಾಲ ಬಂತು, ಹಚ್ಚಿದ ಗಾರೆ ಬಿತ್ತು. ಹೀಗೆ ನನ್ನ ತಲೆಯಲ್ಲಿ ಪ್ಯಾಚ್‌ವರ್ಕ್ ಎಂದರೆ ಸದ್ಯಕ್ಕೆ ಮುಚ್ಚಿ ಜಾಗ ಖಾಲಿ ಮಾಡುವ ಕೆಲಸ ಎಂದಾಗಿತ್ತು.

ಆಗ ನಾನು ಹೊಟ್ಟೆಪಾಡಿಗೆ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದೆ. ಮುಂಜಾನೆ ಟಂಟಂ ಗಾಡಿಯಲ್ಲಿ ಒತ್ತಿಕೊಂಡು ನಿಂತು ಹೋಗಬೇಕು, ದಿನವೆಲ್ಲ ಬಗ್ಗಿರಬೇಕು. ಮೊಣಕಾಲು ನೋಯತೊಡಗಿತ್ತು. ನಿಮ್ಮ ಅವ್ವ ರಾಯಚೂರಿಗೆ ಬಂದು ನಮ್ಮ ಜೊತೆ ಇರು ಎನ್ನುತ್ತಿದ್ದಳು. ನನಗೆ ಇನ್ನೂ ಕೆಲವು ದಿನ ನನ್ನ ಮನೆಯಲ್ಲಿ, ನನ್ನ ಕೈ ದುಡಿಮೆಯಲ್ಲಿ ಇರುವ ಆಸೆ. ಹಾಗಿರಬೇಕಾದರೆ ಕೂತು ಮಾಡುವ, ಯಾರ ಜೊತೆಗೂ ಹೆಚ್ಚು ಮಾತಾಡದೆ ಮಾಡುವ ಕೆಲಸ ಬೇಕಿತ್ತು.

ನಿಮ್ಮ ಅವ್ವ ಸುಮ್ಮನಿರಲಿಲ್ಲ. ನಾನು ಅವಳ ಬಾಣಂತನಕ್ಕೆ ಹೊಲಿದುಕೊಟ್ಟ ಕೌದಿಯನ್ನು ಚೀಲದಲ್ಲಿ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು, ರಾಯಚೂರಿನಲ್ಲಿ ಹಾಸಿಗೆ ಹೊದಿಕೆ ಮಾರುವ ಒಂದು ಅಂಗಡಿಗೆ ಹೋದಳು. ಅಂಗಡಿಯ ಮೇಡಂ ಕೌದಿ ಬಿಡಿಸಿ, ಮೇಲೆ ಕೈಯಾಡಿಸಿ, ಹಿಂದೆ ತಿರುವಿ ಹೊಲಿಗೆ ನೋಡಿದರು.

"ಪ್ಯಾಚ್‌ವರ್ಕ್ ಭಾಳ ಚಂದ ಅದ್ರಿ" ಅಂದರು.

ನನ್ನ ಮುಖ ಸಣ್ಣದಾಯಿತು. ಅವರು ಮುಂದೆ ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಆಟೋ ಹತ್ತಿದ ಮೇಲೆ, "ನನ್ನ ಹೊಲಿಗಿ ತಗ್ಗು ಮುಚ್ಚಿದಂಗ ಅದ ಅಂದ್ರಲ್ಲ ಆಯಮ್ಮ" ಎಂದೆ. ನಿಮ್ಮ ಅವ್ವ ಎಷ್ಟು ಜೋರಾಗಿ ನಕ್ಕಳೆಂದರೆ ಆಟೋದವನು ಹಿಂತಿರುಗಿ ನೋಡಿದ. "ಯವ್ವಾ, ಪ್ಯಾಚ್ ಅಂದ್ರ ತುಂಡು, ವರ್ಕ್ ಅಂದ್ರ ಕೆಲಸ. ತುಂಡು ತುಂಡು ಅರಿವಿ ಕೂಡಿಸಿ ಹೊಲಿಯೋದಕ್ಕ ಮೊದಲು ಆ ಹೆಸರು. ಹೊಲ ತುಂಡು ತುಂಡಾಗಿ ಕಂಡ್ರ ಅದಕ್ಕೂ ಅಂತಾರ, ರೋಡಿಗೂ ಅಂತಾರ. ನಿನಗ ಆಕಿ ಹೊಗಳ್ಯಾಳ. ಎಂಟು ಕೌದಿ ಬೇಕಂತ!"

ಅಂಗಡಿಯವರ ಶರತ್ತುಗಳನ್ನು ಅವಳೇ ನನಗೆ ತಿಳಿಸಿ ಹೇಳಿದಳು. ಬರೀ ಹತ್ತಿಯ ಅರಿವೆ, ನೈಲಾನ್ ಒಂದು ಎಳೆಯೂ ಇರಬಾರದು. ಅಂಚು ನೆಟ್ಟಗಿರಬೇಕು. ಚೌಕ ಚೌಕದ ತುಂಡುಗಳು ಮಾತ್ರ. ನಡುವೆ ಹೂವು, ಗೋಲ ಏನೂ ಬೇಡ. ಬೇರೆ ಊರಿನ ಒಂದು ಮೇಳಕ್ಕೆ ರೈಲಿನಲ್ಲಿ ಪಾರ್ಸೆಲ್ ಹೋಗುವುದರೊಳಗೆ ಎಂಟೂ ಮುಟ್ಟಬೇಕು. ಇವು ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಆಗದಿದ್ದರೆ ನನಗೆ ಮತ್ತೆ ಟಂಟಂ ಗಾಡಿ.

ಎಂಟು ಕೌದಿ ಒಬ್ಬಳಿಂದ ಆಗುವ ಮಾತಲ್ಲ. ಎದುರು ಮನೆಯಾಕೆಯನ್ನೂ ಅವಳ ನಾದಿನಿಯನ್ನೂ ಕರೆದೆ. ನನಗೆ ಕೌದಿ ಕಲಿಸಿದ ಹಿರಿಯವ್ವ ಪೋತ್ನಾಳದಲ್ಲಿದ್ದಳು. ದಿನಾ ಬಸ್ಸು ಹತ್ತಿ ಬರಲು ಒಪ್ಪಿದಳು. ಅವಳಿಗೆ ಹಲ್ಲು ಕಡಿಮೆ, ಮಾತು ಹೆಚ್ಚು. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು, ಆದರೆ ಬೆರಳಿಗೆ ಸಿಕ್ಕ ಹೊಲಿಗೆ ಓರೆಯಾಗಿದ್ದರೆ ನೋಡದೆಯೇ ಗೊತ್ತಾಗುತ್ತಿತ್ತು.

ಮೊದಲು ಸೀರೆಗಳನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ ಒಗೆದು ಗಂಜಿ ಬಿಡಿಸಿದೆವು. ಬಣ್ಣ ಬಿಡುವಂಥವನ್ನು ಬೇರೆ ಇಟ್ಟೆವು. ನೈಲಾನ್ ಹೌದೋ ಅಲ್ಲವೋ ಎಂದು ಅನುಮಾನ ಬಂದರೆ ಅಂಚಿನ ಒಂದು ಎಳೆ ಕಿತ್ತು ಬೆಂಕಿ ಹಚ್ಚಿ ನೋಡುವುದು: ಹತ್ತಿಯಾದರೆ ಬೂದಿ, ನೈಲಾನಾದರೆ ಗಟ್ಟಿ ಉಂಡೆ. ಆಮೇಲೆ ಚೌಕ ಕತ್ತರಿಸುವುದು. ನೆಲದ ಮೇಲೆ ಅಡಿಯ ಸೀರೆ ಹಾಸಿ, ನಾಲ್ಕು ಮೂಲೆಗೆ ಒಳಕಲ್ಲು, ಗುಂಡು, ತುಂಬಿದ ಕೊಡ, ಕೈಗೆ ಸಿಕ್ಕಿದ್ದನ್ನು ಇಟ್ಟು ಬಿಗಿ ಮಾಡುವುದು. ಅದರ ಮೇಲೆ ಹಳೆಯ ಧೋತರದ ಪದರ. ಎಲ್ಲಕ್ಕೂ ಮೇಲೆ ಚೌಕಗಳ ಸಾಲು. ಪದರ ಜಾರದಂತೆ ಉದ್ದುದ್ದ ಟಾಕು ಹಾಕಿ, ಆಮೇಲೆ ಅಂಚಿನಿಂದ ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕುತ್ತ, ನಾಲ್ಕೂ ಬದಿ ಸುತ್ತಿ ಸುತ್ತಿ ಒಳಕ್ಕೆ ಬರುವುದು. ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದೇ ಕೌದಿಯ ಹೊಟ್ಟೆ.

ಹೊಟ್ಟೆಯನ್ನು ಖಾಲಿ ಬಿಟ್ಟು ಮುಚ್ಚುವಂತಿಲ್ಲ. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿ, ಒಂದು ತುಂಡನ್ನು ಅಲ್ಲಿಟ್ಟು ಹೊಲಿಯುವುದು ನಮ್ಮ ಪದ್ಧತಿ. "ಹಸದ ಕೌದಿ ಹೊದ್ದವರ ನಿದ್ದಿ ತಿಂತದ" ಎಂದು ಹಿರಿಯವ್ವ ಹೇಳುತ್ತಿದ್ದಳು.

ಎಂಟರದೂ ಹೊಟ್ಟೆ ಒಂದೇ ದಿನ ಮುಚ್ಚಿದೆವು. ಎಂಥ ಸಂಭ್ರಮ! ಎದುರು ಮನೆಯಾಕೆ ತುಪ್ಪ ತಂದಳು. "ಎಂಟು ಹೊಟ್ಟಿ ತುಂಬಸಬೇಕು, ಕೈ ಹಿಡೀಬ್ಯಾಡ್ರಿ" ಎಂದು ಹಿರಿಯವ್ವ ಎರಡೆರಡು ಚಮಚ ಬಿಡಿಸಿದಳು. ಕೌದಿಗಳಿಗೆ ಉಣಿಸಿ, ನಾವೂ ಉಂಡು, ಮಡಚಿ ಒಂದರ ಮೇಲೊಂದು ಪೆಟ್ಟಿಗೆಯ ಮೇಲೆ ಪೇರಿಸಿದೆವು.

ಅಲ್ಲೇ ನಾವು ತಪ್ಪಿದ್ದು. ಮನೆಯ ಬಳಕೆಗೆ ಒಂದು ಕೌದಿ ಹೊಲಿದಾಗ ಅದನ್ನು ಮಾಳಿಗೆಯ ಮೇಲೆ ಮೂರು ನಾಲ್ಕು ಬಿಸಿಲು ಕಾಣಿಸುತ್ತೇವೆ. ನಮ್ಮ ಕಡೆಯ ಬಿಸಿಲಿಗೆ ಒಳಗಿನ ಹೋಳಿಗೆ ಒಣಗಿ ಹಲಗೆಯಾಗುತ್ತದೆ. ಅದರ ಗೊಡವೆಗೆ ಯಾರೂ ಬರುವುದಿಲ್ಲ. ಈ ಸಲ ಮೋಡ ಕವಿದಿತ್ತು, ಪಾರ್ಸೆಲ್ಲಿನ ಅವಸರವಿತ್ತು. ಹಸಿ ಹೋಳಿಗೆಯನ್ನೇ ಮಡಚಿಟ್ಟಿದ್ದೆವು, ಅದೂ ಅಷ್ಟೊಂದು ತುಪ್ಪದ ಜೊತೆ.

ಅಂಗಡಿಗೆ ಮುಟ್ಟಿಸುವ ಹಿಂದಿನ ದಿನ ಮುಂಜಾನೆ ಚಹಾಕ್ಕೆ ಇಟ್ಟಿದ್ದೆ. ಕಿಟಕಿಯಿಂದ ಇರುವೆಯ ಸಾಲೊಂದು ಇಳಿಯುತ್ತಿತ್ತು. ಸಕ್ಕರೆ ಡಬ್ಬಿಗೆ ಬಂದಿರಬೇಕು ಎಂದುಕೊಂಡೆ. ಅವು ಸಕ್ಕರೆ ಡಬ್ಬಿಯನ್ನು ತಿರುಗಿಯೂ ನೋಡದೆ ಮುಂದೆ ಹೋದವು. ಎಲ್ಲಿಗೆ ಎಂದು ಹಿಂದೆ ಹೋದೆ. ಪೆಟ್ಟಿಗೆ ಹತ್ತಿದವು. ಕೌದಿಗಳೊಳಗೆ ಹೊಕ್ಕವು.

ಮೇಲಿನ ಕೌದಿ ಬಿಡಿಸಿದರೆ ಹೊಟ್ಟೆಯ ಮೇಲೆ ಕಪ್ಪಗೆ ಮುತ್ತಿಕೊಂಡಿವೆ. ಎರಡನೆಯದೂ ಹಾಗೇ. ಮೂರನೆಯದನ್ನು ಎಳೆದೆ. ಒಲೆಯ ಮೇಲಿನ ಚಹಾ ಉಕ್ಕಿದ ವಾಸನೆಗೆ ಎದುರು ಮನೆಯಾಕೆ ಓಡಿ ಬಂದಳು.

"ಅಕ್ಕಾ, ಇರಿವಿ ಕೌದಿ ಹೊದ್ದು ಮಲಗ್ಯಾವಲ್ಲ!" ಎಂದಳು. ನನ್ನ ಮುಖ ನೋಡಿ ನಗು ನುಂಗಿಕೊಂಡಳು.

ಅಷ್ಟರಲ್ಲಿ ಪೋತ್ನಾಳದ ಬಸ್ಸಿಗೆ ಹಿರಿಯವ್ವ ಬಂದಳು. ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. "ಎಂಟು ಹೊಟ್ಟಿ ತುಂಬಸಾಕ ಹೋಗಿ ಎಂಟು ಸಾವಿರ ಹೊಟ್ಟಿ ತುಂಬಸೀವಿ. ಪುಣ್ಯ ಬರ್ತದ ಬಿಡು" ಅಂದಳು.

ಯಾರೂ ಕೈಕಟ್ಟಿ ಕೂರಲಿಲ್ಲ. ಸೂಜಿಯ ಮೊನೆಯಿಂದ ಹೊಟ್ಟೆಯ ಹೊಲಿಗೆಗಳನ್ನು ಒಂದೊಂದೇ ಎತ್ತಿ ಬಿಚ್ಚಿದೆವು. ಕತ್ತರಿ ಹಾಕಿದರೆ ಅರಿವೆ ಸೀಳೀತೆಂಬ ಭಯ. ಹೋಳಿಗೆಯ ಪುಡಿಯನ್ನೆಲ್ಲ ತೆಗೆದು ಅಂಗಳದ ಮೂಲೆಗೆ ಹಾಕಿದೆವು. ಕೌದಿಗಳನ್ನು ಮಾಳಿಗೆಗೆ ಹೊತ್ತು ಒದರಿ ಹಾಸಿದೆವು. ದೇವರ ದಯೆ, ಮೋಡ ಸರಿದು ಬಿಸಿಲು ಬಿತ್ತು. ಬಿಸಿಲಲ್ಲ, ಬೆಂಕಿ. ಇರುವೆಗಳು ಅಂಚಿನಿಂದ ಇಳಿದು ಅಂಗಳದ ಹೋಳಿಗೆಯ ಕಡೆ ಹೊರಟವು. ಮಧ್ಯಾಹ್ನದ ಹೊತ್ತಿಗೆ ಪದರ ಪದರವನ್ನೂ ಬೆರಳಿನಿಂದ ತಡವಿ ನೋಡಿದೆ. ಒಂದೂ ಇರಲಿಲ್ಲ.

ಆದರೆ ಜಿಡ್ಡು ಉಳಿದಿತ್ತು. ಪ್ರತಿಯೊಂದರ ನಡುವೆಯೂ ಅಂಗೈಯಗಲದ ಕಲೆ. ಕಡಲೆಹಿಟ್ಟು ಉಜ್ಜಿದೆವು, ಸ್ವಲ್ಪ ಎಳೆಯಿತು. ಅಂಟುವಾಳದ ನೊರೆ ಹಚ್ಚಿದೆವು, ಕಲೆ ಇನ್ನಷ್ಟು ಅಗಲವಾಯಿತು. ಇಡೀ ಕೌದಿ ಒಗೆಯೋಣವೆಂದರೆ, ಇಷ್ಟು ಪದರದ ಕೌದಿ ನೀರು ಕುಡಿದರೆ ಇಬ್ಬರಿಂದ ಎತ್ತಲಾಗದು, ಎರಡು ದಿನ ಒಣಗದು.

"ಮ್ಯಾಲೊಂದು ತುಂಡು ಹಚ್ಚಿ ಮುಚ್ಚೋಣು" ಅಂದಳು ಎದುರು ಮನೆಯಾಕೆ.

"ಮುಚ್ಚರಿ. ಒಳಗ ಏನು ಇಡ್ತೀರಿ?" ಎಂದು ಕೇಳಿದಳು ಹಿರಿಯವ್ವ.

"ಏನೂ ಇಡಂಗಿಲ್ಲ ಯವ್ವಾ. ಮತ್ತ ಇರಿವಿ ಕರೀತೀಯೇನು?"

"ಹಂಗಾರ ನನ್ನ ಕೈಯಿಂದ ಒಂದು ಟಾಕೂ ಬೀಳಂಗಿಲ್ಲ. ಹಸದ ಕೌದಿ ಕೊಟ್ಟು ಯಾರ ನಿದ್ದಿ ಕೆಡಸಲಿ ನಾನು?" ಎಂದು ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಗೋಡೆಗೊರಗಿದಳು.

ಅವಳು ಎದ್ದು ಹೋದರೆ ಸಂಜೆಯೊಳಗೆ ಎಂಟೂ ಮುಗಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳು ಕಲಿಸಿದ ಕೆಲಸವನ್ನು ಅವಳ ಎದುರಿಗೇ ಕೆಡಿಸಿ ಮಾಡಲು ನನಗೆ ಮನಸ್ಸಿರಲಿಲ್ಲ. ವಾದ ಶುರುವಾಯಿತು. ನಾದಿನಿ ಕೊಬ್ಬರಿ ಚೂರು ಎಂದಳು. ಇಲಿ ಬರ್ತದ ಎಂದು ಬಿದ್ದುಹೋಯಿತು. ಜೋಳದ ಕಾಳು, ನುಸಿ ಹಿಡೀತದ. ಅರಿಷಿಣ ಕೊಂಬು, ಒಗೆದ ದಿನ ಕೌದಿಯೆಲ್ಲ ಹಳದಿ. ಬೇವಿನ ಎಲೆ ಎಂದಾಗ ಹಿರಿಯವ್ವ ಸಿಟ್ಟಿಗೆದ್ದಳು: "ಬಾಯಿ ಕಹಿ ಮಾಡಿ ಕಳಸ್ತೀಯೇನ್ ಬೇ ಹಡದ ಕೂಸನ್ನ?"

ಅವರು ಮಾತಾಡುತ್ತಿದ್ದಾಗ ನಾನು ಕತ್ತರಿಸಿ ಉಳಿದ ಅರಿವೆಯ ಚೂರುಗಳನ್ನು ಸುಮ್ಮನೆ ಮುಷ್ಟಿಯಲ್ಲಿ ಒತ್ತುತ್ತಿದ್ದೆ. ಇಷ್ಟು ದಿನ ನಾವು ಕೌದಿಗೆ ಹಾಕಿದ್ದೆಲ್ಲ ಅರಿವೆಯೇ. ಅದು ಉಂಡು ದಪ್ಪಗಾದದ್ದೂ ಅರಿವೆಯನ್ನೇ.

"ಯವ್ವಾ," ಎಂದೆ, "ಅದಕ್ಕ ಅರಿವೀದೇ ಹೋಳಗಿ ಮಾಡಿ ಇಟ್ಟರ?"

ಹಿರಿಯವ್ವ ಗೋಡೆಯಿಂದ ಬೆನ್ನು ತೆಗೆದಳು. ನಾನು ಎದ್ದು ಪೆಟ್ಟಿಗೆ ತೆರೆದು, ತಳದಲ್ಲಿದ್ದ ಹಳದಿ ಹತ್ತಿಯ ಸೀರೆ ತೆಗೆದೆ. ನಿಮ್ಮ ಅಜ್ಜ ದೇವದುರ್ಗದ ಸಂತೆಯಿಂದ ತಂದದ್ದು. ಒಗೆದು ಒಗೆದು ಮೆತ್ತಗಾಗಿತ್ತು, ಇನ್ನು ಬಣ್ಣ ಬಿಡುವ ಭಯವಿರಲಿಲ್ಲ. ಅವರು ಹೋದ ಮೇಲೆ ನಾನು ಅದನ್ನು ಉಟ್ಟಿರಲಿಲ್ಲ.

"ಆ ಸೀರಿಗೆ ಕತ್ತರಿ ಹಚ್ತೀಯೇನ್ ಬೇ?" ಎಂದು ಹಿರಿಯವ್ವ ಮೆಲ್ಲಗೆ ಕೇಳಿದಳು.

"ಪೆಟಗ್ಯಾಗ ಕುಂತು ಅದಾದ್ರೂ ಏನು ಮಾಡಾಕತ್ತದ?" ಎಂದೆ. ತಾಟು ಇಟ್ಟು ಗೆರೆ ಹಾಕಿ ಕತ್ತರಿಸಿದೆ. ಎಂಟು ದೊಡ್ಡ ಗೋಲ, ಎಂಟು ಸಣ್ಣ ಗೋಲ.

ಹಿರಿಯವ್ವ ಒಂದು ಸಣ್ಣ ಗೋಲ ಅಂಗೈಯ ಮೇಲಿಟ್ಟು, ಅದೇ ಕೌದಿಯ ಚೂರುಗಳನ್ನು ಹೂರಣದಂತೆ ತುಂಬಿ, ಸುತ್ತ ಮಡಚಿ, ಹೋಳಿಗೆ ತಟ್ಟಿದ ಹಾಗೆಯೇ ತಟ್ಟಿದಳು. ಬಾಯಿಯ ಹತ್ತಿರ ಹಿಡಿದು ಅಗಿದಂತೆ ಮಾಡಿದಳು. "ಉಪ್ಪು ಕಮ್ಮಿ ಆಗ್ಯಾದ."

"ಹೋಳಗಿಗೆ ಉಪ್ಪು ಯಾರು ಹಾಕ್ತಾರ ಯವ್ವಾ?"

"ಅದಕ್ಕೇ ಕಮ್ಮಿ ಆಗ್ಯಾದ!"

ಎಲ್ಲರೂ ನಕ್ಕು ಸೂಜಿ ಹಿಡಿದೆವು. ಒಳಗೆ ಅರಿವೆಯ ಹೋಳಿಗೆ, ಮೇಲೆ ಕಲೆ ಮುಚ್ಚುವಂತೆ ದೊಡ್ಡ ಹಳದಿ ಗೋಲ, ಸುತ್ತ ಸಣ್ಣ ಹೊಲಿಗೆ. ಹೊತ್ತು ಮುಳುಗುವ ಮೊದಲು ಎಂಟೂ ಮುಗಿದವು. ಹೊರಡುವಾಗ ಹಿರಿಯವ್ವ ನನ್ನ ಗದ್ದ ಹಿಡಿದು ಹೇಳಿದಳು: "ಒಳಗ ಏನಿಟ್ಟೀವಿ, ಯಾಕಿಟ್ಟೀವಿ, ಆ ಅಂಗಡಿ ಯವ್ವಗ ಬಾಯಿಬಿಟ್ಟು ಹೇಳಬೇಕು. ಹೇಳದ ಕೊಟ್ಟರ ಅದು ಮೋಸದ ಹೋಳಗಿ ಆಗ್ತದ. ನೀನೇ ಹೇಳಬೇಕು, ಮಗಳ ಕೈಲೆ ಹೇಳಸೋದಲ್ಲ."

ಇರುವೆಗಿಂತ ದೊಡ್ಡ ಕಷ್ಟ ನನಗೆ ಅದು. ಮರುದಿನ ನಿಮ್ಮ ಅವ್ವನಿಗೆ ಶಾಲೆಯ ಕೆಲಸ, ಹೇಗೂ ಜೊತೆಗೆ ಬರುವಂತಿರಲಿಲ್ಲ. ಗಂಟು ನೋಡಿ ಮಾನ್ವಿಯ ಕಂಡಕ್ಟರ್, "ಊರ ಮಂದಿ ಹಾಸಗಿ ಎಲ್ಲಾ ಎತಗೊಂಡು ಬಂದೀಯೇನ್ ಯವ್ವಾ?" ಅಂದ. ನಾನು ನಗಲೂ ಆಗದೆ ಕೂತೆ. ಕಿಟಕಿಯ ಹೊರಗೆ ಭತ್ತದ ಹಸಿರು, ಹತ್ತಿಯ ಬಿಳಿ, ಉತ್ತ ಕರಿ ಮಣ್ಣು ಒಂದರ ಪಕ್ಕ ಒಂದು ಬರುತ್ತಿದ್ದವು. ಮೇಡಂ ಮುಂದೆ ಹೇಳಬೇಕಾದ ಮಾತುಗಳನ್ನು ನಾನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ, ಕೂಡಿಸಿದಷ್ಟೂ ಬಿಚ್ಚಿಹೋಗುತ್ತಿದ್ದವು.

ರಾಯಚೂರು ಇನ್ನೂ ದೂರವಿರುವಾಗ ಬಸ್ಸು ನಿಂತಿತು. ಪ್ಯಾಚ್‌ವರ್ಕ್! ನನ್ನ ಕಿಟಕಿಯ ನೇರಕ್ಕೇ ಕೆಲಸ ನಡೆದಿತ್ತು. ಒಬ್ಬಾತ ತಗ್ಗಿನೊಳಗಿನ ಮಣ್ಣನ್ನೆಲ್ಲ ಕಸಬರಿಗೆಯಿಂದ ಗುಡಿಸಿ ತೆಗೆಯುತ್ತಿದ್ದ. ಸಡಿಲವಾದ ಅಂಚನ್ನು ಕೆತ್ತಿ ನೆಟ್ಟಗೆ ಮಾಡಿದ. ಡಾಂಬರೂ ಜಲ್ಲಿ ಕಡಿಯೂ ಪಕ್ಕದಲ್ಲೇ ಕಾದಿದ್ದವು. "ಲಗೂನ ಸುರುವಿ ಮುಚ್ಚೋ ಮಾರಾಯಾ, ಲೇಟ್ ಆಗಾಕತ್ತದ" ಎಂದು ಡ್ರೈವರ್ ಕೂಗಿದ. ಆತ ತಲೆಯೆತ್ತದೆ, "ಮಣ್ಣಿನ ಮ್ಯಾಲೆ ಸುರುವಿದ್ರ ನಿನ್ನ ಗಾಲಿಗೇ ಹತಗೊಂಡು ಹೋಗ್ತದ" ಎಂದು ಗುಡಿಸುತ್ತಲೇ ಇದ್ದ. ನೋಡುತ್ತ ನೋಡುತ್ತ ನನ್ನ ಎದೆಯ ಬಡಿತ ಸ್ವಲ್ಪ ಇಳಿಯಿತು. ಎಲ್ಲ ಪ್ಯಾಚ್‌ವರ್ಕೂ ನಮ್ಮ ಗೌಂಡಿಯದರಂತೆ ಇರುವುದಿಲ್ಲ.

ಅಂಗಡಿಯಲ್ಲಿ ಮೇಡಂ ಮೊದಲ ಕೌದಿ ಬಿಡಿಸಿದರು. ಹುಬ್ಬು ಗಂಟಿಕ್ಕಿತು. ಎರಡನೆಯದು ಬಿಡಿಸಿದರು.

"ಇದೇನ್ರಿ, ನಡುವ ಗೋಲ? ಬ್ಯಾಡ ಅಂತ ಅವತ್ತೇ ಹೇಳಿದ್ದೆನಲ್ಲ. ಎಂಟಕ್ಕೂ ಹಚ್ಚೀರೇನು?"

ನಾನು ನೆಲ ನೋಡಿದೆ. ಅವರು ಕೌದಿಯನ್ನು ಮತ್ತೆ ಮಡಚತೊಡಗಿದರು. ಆ ಮಡಚುವ ಕೈಯನ್ನು ನೋಡಿದಾಗ ಬಾಯಿಗಿಂತ ಮೊದಲು ನನ್ನ ಕೈ ಮುಂದೆ ಹೋಯಿತು. ಕೌದಿಯನ್ನು ನನ್ನ ಕಡೆ ಎಳೆದುಕೊಂಡು ಕೂತೆ. ಸೆರಗಿನ ಸೂಜಿ ತೆಗೆದು ಗೋಲದ ಹೊಲಿಗೆ ಎತ್ತಿದೆ. ಒಳಗಿನದನ್ನು ತೆಗೆದು ಅವರ ಅಂಗೈಯ ಮೇಲಿಟ್ಟೆ.

"ಹೋಳಗಿ ರಿ" ಎಂದೆ.

ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವಾಗಿಯೇ ಬಂದವು. ಕೌದಿಯ ಹೊಟ್ಟೆ, ಹಿರಿಯವ್ವನ ಹಟ, ತುಪ್ಪ, ಇರುವೆ, ಬಿಸಿಲು, ಕಲೆ, ಎಲ್ಲ ಹೇಳಿದೆ. ಇರುವೆ ಎಂದಾಗ ಮೇಡಂ ಹೋಳಿಗೆಯನ್ನು ಕೌದಿಯ ಮೇಲೆ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ಕೈ ಕೊಡವಿಕೊಂಡರು.

"ಇನ್ನೂ ಅದಾವೇನ್ರಿ?"

"ಇಲ್ರಿ. ಪದರ ಪದರ ನೋಡೀನಿ. ನೀವೂ ನೋಡ್ರಿ."

ಅವರು ನೋಡಿಯೇ ನೋಡಿದರು. ಎಂಟನ್ನೂ ಬೆಳಕಿಗೆ ಹಿಡಿದು, ಒತ್ತಿ, ತಿರುವಿ. ಆಮೇಲೆ ಆ ಅರಿವೆಯ ಹೋಳಿಗೆಯನ್ನು ಮತ್ತೆ ಕೈಗೆತ್ತಿಕೊಂಡು ನಿಂತರು.

"ಹಸದಿದ್ರ ನಿದ್ದಿ ತಿಂತದಂತೇನು?"

"ನಮ್ಮ ಹಿರೇರು ಹಂಗಂತಾರ್ರಿ."

ಅವರ ತುಟಿಯ ಮೂಲೆಯಲ್ಲಿ ನಗು ಬಂತು. ಹೋಳಿಗೆಯನ್ನು ನನ್ನ ಕೈಗೆ ಕೊಟ್ಟರು. "ಮತ್ತ ಲಗೂನ ಇಟ್ಟು ಹೊಲೀರಿ. ಹೊಟ್ಟಿ ತೆರಕೊಂಡು ಎಷ್ಟೊತ್ತು ಇರಬೇಕು ಅದು?"

ಅಂಗಡಿಯ ನೆಲದ ಮೇಲೆಯೇ ಕೂತು ಹೊಲಿದೆ. ಕೈ ನೆಟ್ಟಗಿತ್ತು, ಕಣ್ಣಿಗೆ ಮಾತ್ರ ಸ್ವಲ್ಪ ಮಂಜು.

ಎಂಟೂ ಒಪ್ಪಿಗೆಯಾದವು ಎಂದು ಬರೆದರೆ ಸುಳ್ಳಾದೀತು. ಏಳನ್ನು ಇಟ್ಟುಕೊಂಡರು. ಒಂದರಲ್ಲಿ ಜಿಡ್ಡಿನ ಕಲೆ ಗೋಲದ ಆಚೆಗೂ ಹರಡಿತ್ತು; ಅದು ಬೇಡ ಎಂದು ಮಡಚಿ ಕೊಟ್ಟರು. ಮುಂದಿನ ಸಲದ ಕೌದಿಗಳ ಮಾತೂ ಅವತ್ತೇ ಆಯಿತು. ಗೋಲ ಇರಲಿ ಅಂದರು. "ಆದ್ರ ತುಪ್ಪ ಬ್ಯಾಡ್ರಿ ಯವ್ವಾ, ಕೈಮುಗೀತೀನಿ!" ನಾನು ಆಮೇಲೆ ಟಂಟಂ ಗಾಡಿ ಹತ್ತಲಿಲ್ಲ. ನಿಮ್ಮ ಜೊತೆ ಇರಲು ಬರುವವರೆಗೂ ಮಾನ್ವಿಯ ಆ ಮನೆಯಲ್ಲೇ ಕೂತು ಹೊಲಿದೆ.

ಈಗ ದೊಡ್ಡವಳ ಪ್ರಶ್ನೆಗೆ ಉತ್ತರ. ಪ್ಯಾಚ್‌ವರ್ಕ್ ಎಂದರೆ ನಿಮ್ಮಪ್ಪ ಹೇಳಿದ್ದೂ ಹೌದು, ಸಣ್ಣವನು ಹೇಳಿದ್ದೂ ಹೌದು. ನಿನ್ನ ಪಾಠದ ಹೊಲಗಳನ್ನು ನೋಡಬೇಕಾದರೆ ರಜೆಯಲ್ಲಿ ಮಾನ್ವಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸುತ್ತೇನೆ. ಮೂರನೆಯದು ನಿನ್ನ ಮೊಣಕಾಲ ಮೇಲೆಯೇ ಇತ್ತು.

ಮೇಡಂ ತಿರುಗಿ ಕೊಟ್ಟ ಕೌದಿ ಅದೇ. ಅದನ್ನು ತಂದ ದಿನ ಹಿರಿಯವ್ವ, "ಇದು ಮನಿ ಮಕ್ಕಳಿಗೆ ಇರ್ಲಿ" ಎಂದು ತಾನೇ ಹೊಟ್ಟೆ ಬಿಚ್ಚಿ, ಅರಿವೆಯ ಹೋಳಿಗೆ ತೆಗೆದು, ನಿಜವಾದ ಹೋಳಿಗೆ ಇಟ್ಟು ಹೊಲಿದಳು. ಮಾಳಿಗೆಯ ಮೇಲೆ ಹಾಸಿ, ಅದು ಹಲಗೆಯಾಗುವ ತನಕ ದಿನಾ ಬಂದು ಒತ್ತಿ ಒತ್ತಿ ನೋಡಿದಳು. ಹಳದಿ ಗೋಲದ ನಡುವೆ ಬೆರಳಿಟ್ಟು ನೋಡಿರಿ, ಇನ್ನೂ ಗಟ್ಟಿಯಾಗಿ ತಗಲುತ್ತದೆ. ಬಿಚ್ಚಲು ಮಾತ್ರ ಹೋಗಬೇಡಿ. ಈ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಸುಮ್ಮನೆ ಮಲಗುವುದು ಅದೊಂದೇ.